ಕ್ರಾಪ್ ಕ್ಯಾಮೆರಾಗೆ ಅಗ್ಗದ ಪ್ರೈಮ್ ಲೆನ್ಸ್: ನಮ್ಮ ಕಡೆಯ ಫೋಟೋಗ್ರಾಫರ್‌ಗಳಲ್ಲಿ ಒಮ್ಮತ ಯಾಕಿಲ್ಲ?

ಎರಡು ಮೂರು ವರ್ಷಗಳಿಂದ ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾಗಳಿಗೆ ಕಡಿಮೆ ಬೆಲೆಯ ಪ್ರೈಮ್ (ಜೂಮ್ ಆಗದ, ಒಂದೇ ಎಂಎಂನ) ಲೆನ್ಸ್‌ಗಳು ಒಂದರ ಹಿಂದೆ ಒಂದು ಬರುತ್ತಿವೆ. ಎಂಎಂ ಕಡಿಮೆ ಆದಷ್ಟು ಫ್ರೇಮ್‌ನಲ್ಲಿ ಹೆಚ್ಚು ಜಾಗ ಬರುತ್ತದೆ; ಎಫ್ ನಂಬರ್ ಕಡಿಮೆ ಆದಷ್ಟು ಬೆಳಕು ಜಾಸ್ತಿ, ಹಿನ್ನೆಲೆಯ ಬ್ಲರ್ ಜಾಸ್ತಿ. 2023ರಲ್ಲಿ ನಿಕಾನ್ 24 ಎಂಎಂ ಎಫ್ 1.7 ತಂದಿತು. ಆಮೇಲೆ ಚೀನಾದ ವಿಲ್ಟ್ರಾಕ್ಸ್ ತನ್ನ ‘ಏರ್’ ಸಾಲಿನಲ್ಲಿ 56, 35, 25 ಎಂಎಂ ಲೆನ್ಸ್‌ಗಳನ್ನು ತಂದಿತು. ಮೂರೂ ಎಫ್ 1.7, ಮೂರೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. 2025ರ ಅಕ್ಟೋಬರಿನಲ್ಲಿ ನಿಕಾನ್ ಮತ್ತೆ 35 ಎಂಎಂ ಎಫ್ 1.7 ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ) ಲೆನ್ಸ್ ಘೋಷಿಸಿತು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮದುವೆ, ಕುಬುಸ, ಜಾತ್ರೆ, ಶಾಲೆಯ ಗ್ರೂಪ್ ಫೋಟೋ ಅಂತ ದುಡಿಯುವವರಲ್ಲಿ ಬಹಳಷ್ಟು ಜನರ ಕೈಯಲ್ಲಿರುವುದು ಕ್ರಾಪ್ ಬಾಡಿಯೇ. ಹಾಗಾಗಿ ಈ ಲೆನ್ಸ್‌ಗಳ ಮಾತು ಬಂದಾಗ ಚರ್ಚೆ ಬಿಸಿಯಾಗುವುದು ಸಹಜ. ಇಷ್ಟು ದಿನಕ್ಕೆ ನಮ್ಮನ್ನೂ ನೆನಪು ಮಾಡಿಕೊಂಡರಲ್ಲ ಅನ್ನುವವರಿದ್ದಾರೆ. ಬ್ಲರ್ ಬೇಕಾದರೆ ಹಳೆಯ ಫಿಫ್ಟಿ (50 ಎಂಎಂ ಲೆನ್ಸ್) ಇದೆ, ಇದರಲ್ಲಿ ಹೊಸದೇನು ಅನ್ನುವವರಿದ್ದಾರೆ. ಈ ದುಡ್ಡನ್ನೂ ಕೂಡಿಸಿಟ್ಟು ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ಗೆ ಹೋಗುವುದೇ ಒಳ್ಳೆಯದು ಎಂಬ ವಾದವಿದೆ. ಪ್ಲಾಸ್ಟಿಕ್ ಲೆನ್ಸ್ ನಮ್ಮ ಧೂಳಿಗೆ ಎಷ್ಟು ದಿನ ತಡೆದೀತು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬ ಪ್ರಶ್ನೆಯೂ ಇದೆ.

ಇವೆಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಹೆಚ್ಚಿನ ಮಾತು ಬೆಲೆ ಮತ್ತು ಬ್ಲರ್ ಸುತ್ತಲೇ ತಿರುಗುತ್ತಿದೆ. ನನ್ನ ಪ್ರಕಾರ ಇಲ್ಲಿ ನಿಜವಾಗಿ ಬದಲಾಗಿರುವುದು ಎಂಎಂ. ಅಂದರೆ, ನಾವು ನಿಲ್ಲುವ ಜಾಗಕ್ಕೆ ಸರಿಹೊಂದುವ ಅಳತೆಯ ಲೆನ್ಸ್ ಕಡಿಮೆ ದುಡ್ಡಿಗೆ ಸಿಗುತ್ತಿರುವುದು.

ಫಿಫ್ಟಿ ಕೊಟ್ಟಿದ್ದು, ಕೊಡದೇ ಇದ್ದದ್ದು

ನಮ್ಮಲ್ಲಿ ಹೆಚ್ಚಿನವರ ಮೊದಲ ಪ್ರೈಮ್ 50 ಎಂಎಂ ಎಫ್ 1.8. ಕ್ಯಾನನ್ ಇದರ ಎರಡನೇ ಆವೃತ್ತಿಯನ್ನು 1990ರಲ್ಲಿ ತಂದಿತ್ತು. ಅದರ ಮೌಂಟ್, ಅಂದರೆ ಕ್ಯಾಮೆರಾಗೆ ಕೂರುವ ಭಾಗ ಕೂಡ ಪ್ಲಾಸ್ಟಿಕ್ಕು. 2015ರಲ್ಲಿ ಲೋಹದ ಮೌಂಟ್ ಇರುವ ಎಸ್‌ಟಿಎಂ ಆವೃತ್ತಿ ಬಂತು, ಅಮೆರಿಕದಲ್ಲಿ ಅದರ ಬೆಲೆ 125 ಡಾಲರ್ ಇತ್ತು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಿಂದ ಅದಕ್ಕೆ ಬದಲಾದ ಮೊದಲ ದಿನ ಎಲ್ಲರಿಗೂ ಒಂದೇ ಅನುಭವ. ಹಿಂದಿನ ಗೋಡೆ, ಗಿಡ, ಜನ ಎಲ್ಲ ಕರಗಿ ಮುಖ ಮಾತ್ರ ಎದ್ದು ಕಾಣುತ್ತದೆ. ಗಿರಾಕಿಗೂ ಖುಷಿ, ಫೋಟೋಗ್ರಾಫರ್‌ಗೂ ಖುಷಿ.

ಆದರೆ ಆ ಲೆನ್ಸ್ ಮೂಲತಃ 35 ಎಂಎಂ ಫಿಲ್ಮ್‌ಗೆ, ಅಂದರೆ ಈಗಿನ ಫುಲ್ ಫ್ರೇಮ್ ಅಳತೆಗೆ ಮಾಡಿದ್ದು. ಫುಲ್ ಫ್ರೇಮ್ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ ಇರುತ್ತದೆ. ಕ್ಯಾನನ್‌ನ ಕ್ರಾಪ್ ಸೆನ್ಸರ್ ಸುಮಾರು 22.3 ಎಂಎಂ ಅಗಲ. ನಿಕಾನ್, ಸೋನಿ, ಫ್ಯೂಜಿಯದ್ದು ಸುಮಾರು 23.5. ಚಿಕ್ಕ ಸೆನ್ಸರ್ ಲೆನ್ಸ್ ಕೊಡುವ ಚಿತ್ರದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಕ್ಯಾನನ್ ಕ್ರಾಪ್ ಬಾಡಿಯ ಮೇಲೆ 50 ಎಂಎಂ ಲೆನ್ಸ್ ಫುಲ್ ಫ್ರೇಮ್‌ನ 80 ಎಂಎಂ ತೋರಿಸುವಷ್ಟೇ ಜಾಗ ತೋರಿಸುತ್ತದೆ, ನಿಕಾನ್ ಮತ್ತು ಸೋನಿಯಲ್ಲಿ 75ರಷ್ಟು. ಅದು ಪೋರ್ಟ್ರೇಟ್ ಲೆನ್ಸ್‌ನ ಅಳತೆ. ಒಬ್ಬರ ಮುಖಕ್ಕೆ ಬಹಳ ಚೆನ್ನ. ಎಲ್ಲ ಕೆಲಸಕ್ಕೂ ಒಗ್ಗುವ ಲೆನ್ಸ್ ಮಾತ್ರ ಅಲ್ಲ.

ಲೆಕ್ಕ ಹಾಕಿದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಗಂಡ ಹೆಂಡತಿ ನಿಂತಿದ್ದಾರೆ, ಕ್ಯಾಮೆರಾ ಉದ್ದಕ್ಕೆ ಹಿಡಿದು ತಲೆಯಿಂದ ಕಾಲಿನವರೆಗೆ ತೆಗೆಯಬೇಕು. ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟರೆ ಫ್ರೇಮ್‌ನಲ್ಲಿ ಆರೂವರೆ ಅಡಿ ಎತ್ತರ ಬೇಕು. ಕ್ಯಾನನ್ ಕ್ರಾಪ್ ಮೇಲೆ 50 ಎಂಎಂ ಇದ್ದರೆ ನೀವು ಸುಮಾರು ಹದಿನಾಲ್ಕೂವರೆ ಅಡಿ ಹಿಂದೆ ನಿಲ್ಲಬೇಕು. ನಿಕಾನ್ ಅಥವಾ ಸೋನಿ ಕ್ರಾಪ್‌ನಲ್ಲಿ 35 ಎಂಎಂ ಆದರೆ ಹತ್ತು ಅಡಿಗೆ ಸ್ವಲ್ಪ ಕಡಿಮೆ ಸಾಕು. 24 ಎಂಎಂ ಆದರೆ ಆರೂವರೆ ಅಡಿ.

ಈಗ ಕೊಪ್ಪಳದ ಹಳೆಯ ಓಣಿಯ ಒಂದು ಮನೆಯಲ್ಲಿ ಕುಬುಸದ ಕಾರ್ಯಕ್ರಮ ಅಂದುಕೊಳ್ಳಿ. ಪಡಸಾಲೆ ಹತ್ತಕ್ಕೆ ಹನ್ನೆರಡು ಅಡಿ. ಒಂದು ಗೋಡೆಗೆ ಅಲಂಕಾರ ಮಾಡಿ ಬಸುರಿಯನ್ನು ಕೂರಿಸಿದ್ದಾರೆ. ಮುಂದೆ ಆರತಿ ತಟ್ಟೆ, ಹಣ್ಣು, ಬಳೆ, ಸೀರೆ. ಎರಡೂ ಕಡೆ ಬೀಗರ ಮನೆಯ ಹೆಣ್ಣುಮಕ್ಕಳು, ಬಾಗಿಲ ತುಂಬ ಮಕ್ಕಳು. ಫೋಟೋಗ್ರಾಫರ್ ಬೆನ್ನು ಎದುರಿನ ಗೋಡೆಗೆ ತಾಗಿರುತ್ತದೆ. ಅಲ್ಲಿಂದ ಫಿಫ್ಟಿ ಹಾಕಿದರೆ ಬಸುರಿಯ ಮುಖ ಮತ್ತು ಹೆಗಲು ಬರುತ್ತದೆ. ಆರತಿ ಎತ್ತುವ ಅತ್ತೆ ಇರುವುದಿಲ್ಲ, ತಟ್ಟೆ ಇರುವುದಿಲ್ಲ, ಪಕ್ಕದಲ್ಲಿ ನಗುವ ಅಕ್ಕ ಇರುವುದಿಲ್ಲ. ಕೊನೆಗೆ ಫಿಫ್ಟಿ ಬ್ಯಾಗ್ ಸೇರುತ್ತದೆ, 18-55 ಕಿಟ್ ಲೆನ್ಸ್ ಹೊರಗೆ ಬರುತ್ತದೆ, ಅದರ ಜೊತೆ ಫ್ಲ್ಯಾಶೂ ಬರುತ್ತದೆ. ಎದುರಿನಿಂದ ನೇರ ಫ್ಲ್ಯಾಶ್ ಬಿದ್ದ ಮೇಲೆ ಮುಖದ ಅರಿಷಿಣದ ಬಣ್ಣವೂ ಹೋಯಿತು, ದೀಪದ ಬೆಳಕೂ ಹೋಯಿತು.

ಫಿಫ್ಟಿ ಇದೆಯಲ್ಲ, ಹೊಸದೇನು ಅನ್ನುವವರಿಗೆ ನನ್ನ ಉತ್ತರ ಈ ಪಡಸಾಲೆಯೇ. ಅಲ್ಲಿ 24, 25 ಎಂಎಂ ಎಫ್ 1.7 ಲೆನ್ಸ್ ಮಾಡುವ ಕೆಲಸವನ್ನು ಫಿಫ್ಟಿ ಮಾಡಲಾರದು. ಎಫ್ ನಂಬರ್ ಹೆಚ್ಚು ಕಡಿಮೆ ಒಂದೇ ಇರಬಹುದು, ಆದರೂ ಇವು ಬೇರೆ ಬೇರೆ ಕೆಲಸದ ಲೆನ್ಸ್‌ಗಳು.

ಇಷ್ಟು ದಿನ ಯಾಕೆ ಬರಲಿಲ್ಲ

ಇದು ಬರೀ ಕಂಪನಿಗಳ ಅಸಡ್ಡೆಯಲ್ಲ, ಒಳಗೆ ಒಂದು ತಾಂತ್ರಿಕ ಕಾರಣವಿದೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ಗೂ ಸೆನ್ಸರ್‌ಗೂ ನಡುವೆ ಕನ್ನಡಿ ಮೇಲೆ ಕೆಳಗೆ ಆಡಬೇಕು. ಅದಕ್ಕೆ ಜಾಗ ಬೇಕು. ಕ್ಯಾನನ್‌ನ ಇಎಫ್ ಮೌಂಟ್‌ನಿಂದ ಸೆನ್ಸರ್‌ಗೆ 44 ಎಂಎಂ, ನಿಕಾನ್‌ನ ಎಫ್ ಮೌಂಟ್‌ನಿಂದ 46.5 ಎಂಎಂ ದೂರ. 50 ಎಂಎಂ ಲೆನ್ಸ್‌ಗೆ ಇದರಿಂದ ತೊಂದರೆಯಿಲ್ಲ, ಅದರ ಫೋಕಲ್ ಲೆಂಗ್ತ್ (ಅದೇ ಎಂಎಂ) ಈ ದೂರಕ್ಕಿಂತ ಜಾಸ್ತಿ. ಹಾಗಾಗಿಯೇ ಹಳೆಯ, ಸರಳ ವಿನ್ಯಾಸದಲ್ಲಿ ಐದಾರು ಗಾಜು ಜೋಡಿಸಿ ಅದನ್ನು ಅಗ್ಗವಾಗಿ ಮಾಡಲು ಆಯಿತು. ಕ್ಯಾನನ್‌ನ ಫಿಫ್ಟಿಯಲ್ಲಿ ಇರುವುದು ಬರೀ ಆರು ಗಾಜು.

24 ಎಂಎಂ ಲೆನ್ಸ್‌ಗೆ ಬಂದರೆ ಕಥೆ ಬೇರೆ. ಅದು ಸೆನ್ಸರ್ ಹತ್ತಿರ ಕೂರಬೇಕು, ಕನ್ನಡಿ ಬಿಡುವುದಿಲ್ಲ. ಆಗ ಮುಂದೆ ದೊಡ್ಡ ಗಾಜು ಇಟ್ಟು, ಬೆಳಕನ್ನು ಹರಡಿ, ಹಿಂದೆ ದೂರಕ್ಕೆ ತಲುಪುವ ಹಾಗೆ ಬಾಗಿಸಬೇಕು. ಗಾಜು ಜಾಸ್ತಿ, ತೂಕ ಜಾಸ್ತಿ, ದುಡ್ಡೂ ಜಾಸ್ತಿ. ಕ್ಯಾನನ್ 2014ರಲ್ಲಿ ಕ್ರಾಪ್ ಬಾಡಿಗೆಂದೇ 24 ಎಂಎಂ ಲೆನ್ಸನ್ನು 149 ಡಾಲರಿಗೆ ತಂದಿತು, ತೂಕ 125 ಗ್ರಾಂ ಮಾತ್ರ. ಆದರೆ ಅದು ಎಫ್ 2.8ರಲ್ಲೇ ನಿಂತಿತು. ನಿಕಾನ್ 2009ರಲ್ಲೇ 35 ಎಂಎಂ ಎಫ್ 1.8 ಡಿಎಕ್ಸ್ (ನಿಕಾನ್‌ನ ಕ್ರಾಪ್ ಸಾಲು) ಕೊಟ್ಟಿತ್ತು, ಬೆಲೆ 200 ಡಾಲರ್ ಒಳಗೆ. ಡಿಎಸ್‌ಎಲ್‌ಆರ್ ಕಾಲದಲ್ಲಿ ಕ್ರಾಪ್ ಬಾಡಿಗೆಂದೇ ಬಂದ ಅತ್ಯಂತ ಪ್ರಾಮಾಣಿಕ ಲೆನ್ಸ್ ಅಂದರೆ ಅದೇ. ನಿಕಾನ್ ಇಟ್ಟುಕೊಂಡವರು ಅದನ್ನು ಇವತ್ತಿಗೂ ಮಾರುವುದಿಲ್ಲ.

ಮಿರರ್‌ಲೆಸ್ ಬಂದ ಮೇಲೆ ಆ ಕನ್ನಡಿಯೇ ಇಲ್ಲ. ನಿಕಾನ್ ಝಡ್ ಮೌಂಟ್‌ನಲ್ಲಿ ದೂರ 16 ಎಂಎಂ, ಸೋನಿ ಇ ಮೌಂಟ್‌ನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20. ಗಾಜು ಸೆನ್ಸರ್ ಹತ್ತಿರಕ್ಕೆ ಹೋಗಬಹುದು. ಅಂಚುಗಳಲ್ಲಿ ಗೆರೆ ಬಾಗಿದರೆ ಕ್ಯಾಮೆರಾದ ಸಾಫ್ಟ್‌ವೇರ್ ಅದನ್ನು ನೆಟ್ಟಗೆ ಮಾಡುತ್ತದೆ, ಹಾಗಾಗಿ ಅದನ್ನೆಲ್ಲ ಗಾಜಿನಲ್ಲೇ ಸರಿಮಾಡುವ ಖರ್ಚೂ ಉಳಿಯಿತು. ಇದರಿಂದಲೇ ನಿಕಾನ್‌ನ 24 ಎಂಎಂ ಎಫ್ 1.7 ಬರೀ 135 ಗ್ರಾಂ ತೂಗುತ್ತದೆ. ಬಂದಾಗ ಅದರ ಬೆಲೆ 280 ಡಾಲರ್ ಇತ್ತು. ವಿಲ್ಟ್ರಾಕ್ಸ್ 200 ಡಾಲರ್ ಒಳಗೇ ಆಟ ಮುಗಿಸಿತು.

ಆದರೂ ಕಂಪನಿಗಳ ಮನಸ್ಸು ಈ ಕಡೆ ತಿರುಗಲು ತಡವಾಯಿತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ತಮ್ಮ ಈಗಿನ ಮಿರರ್‌ಲೆಸ್ ಮೌಂಟ್‌ಗಳನ್ನು ಫುಲ್ ಫ್ರೇಮ್‌ನಿಂದಲೇ ಶುರು ಮಾಡಿದವು, ಒಳ್ಳೆಯ ಲೆನ್ಸ್‌ಗಳೆಲ್ಲ ಅದಕ್ಕೇ ಹೋದವು. ಕ್ರಾಪ್‌ಗೆ ಸಿಕ್ಕಿದ್ದು ಕಿಟ್ ಜೂಮ್. ಸಿಗ್ಮಾ ಮಾತ್ರ 2016ರಿಂದ 30, 16, 56 ಎಂಎಂ ಎಫ್ 1.4 ಲೆನ್ಸ್‌ಗಳನ್ನು ಕೊಡುತ್ತಾ ಸೋನಿ ಕ್ರಾಪ್ ಬಳಸುವವರ ಮಾನ ಕಾಪಾಡಿತು. 2021ರಲ್ಲಿ ಸೋನಿ ಝಡ್‌ವಿ-ಇ10, 2022ರಲ್ಲಿ ನಿಕಾನ್ ಝಡ್30 ಬಂದವು. ವಿಡಿಯೋ ಮಾಡುವ ಹುಡುಗರು ಕ್ರಾಪ್ ಬಾಡಿಗಳನ್ನು ಕೊಳ್ಳತೊಡಗಿದ ಮೇಲೆ ಈ ಮಾರುಕಟ್ಟೆಗೆ ಜೀವ ಬಂತು.

ಮಂಟಪದ ಬೆಳಕಿನಲ್ಲಿ

ಬೆಳಕಿನ ವಿಷಯಕ್ಕೆ ಬರೋಣ. ಕಿಟ್ ಲೆನ್ಸ್ ಜೂಮ್ ಮಾಡಿದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ಎಫ್ 5.6ರಿಂದ ಎಫ್ 2ಕ್ಕೆ ಬಂದರೆ ಬೆಳಕು ಎಂಟು ಪಟ್ಟು ಜಾಸ್ತಿ. ಅಂದರೆ ಕಿಟ್ ಲೆನ್ಸ್‌ನಲ್ಲಿ ಐಎಸ್‌ಒ (ಸೆನ್ಸರ್ ಬೆಳಕು ಗ್ರಹಿಸುವ ಸೆಟ್ಟಿಂಗ್) 6400 ಬೇಕಾದ ಕಡೆ ಪ್ರೈಮ್‌ನಲ್ಲಿ 800 ಸಾಕು. ಈಗಿನ ಯಾವ ಕ್ರಾಪ್ ಬಾಡಿಯಾದರೂ 800ರಲ್ಲಿ ಚೊಕ್ಕ ಫೋಟೋ ಕೊಡುತ್ತದೆ. 6400ರಲ್ಲಿ ಮುಖದ ಮೇಲೆ ಗ್ರೇನ್ಸ್ ಬರುತ್ತವೆ, ಅದನ್ನು ಸಾಫ್ಟ್‌ವೇರ್‌ನಲ್ಲಿ ಒರೆಸಿದರೆ ಚರ್ಮ ಮೇಣದ ಹಾಗೆ ಆಗುತ್ತದೆ.

ಅಕ್ಕಿಕಾಳು ಬೀಳುವ ಗಳಿಗೆ ನೆನಪು ಮಾಡಿಕೊಳ್ಳಿ. ಅದು ಕೆಲವೇ ಸೆಕೆಂಡುಗಳ ಮಾತು. ಗಟ್ಟಿಮೇಳ ಶುರುವಾಗುತ್ತದೆ, ವರ ತಾಳಿ ಹಿಡಿದಿದ್ದಾನೆ, ವಧುವಿನ ತಲೆ ಬಗ್ಗಿದೆ, ಬಾಸಿಂಗದ ಮೇಲೆ ಅಕ್ಕಿ ಬೀಳುತ್ತಿದೆ, ಸೋದರಮಾವನ ಕೈ ಫ್ರೇಮ್‌ಗೆ ಅಡ್ಡ ಬರುತ್ತದೆ. ಫ್ಲ್ಯಾಶ್ ರೀಚಾರ್ಜ್ ಆಗುವವರೆಗೆ ಯಾರೂ ಕಾಯುವುದಿಲ್ಲ. ಎಫ್ 2, ಶಟರ್ 1/200 ಇಟ್ಟು ಇರುವ ಬೆಳಕಿನಲ್ಲೇ ಸಾಲಾಗಿ ತೆಗೆದರೆ ಅಕ್ಕಿ ಕಾಳು ಗಾಳಿಯಲ್ಲಿರುವಾಗಿನ ಫೋಟೋ ಸಿಗುತ್ತದೆ, ತಾಯಿಯ ಕಣ್ಣೀರೂ ಸಿಗುತ್ತದೆ. ಎಲ್‌ಇಡಿ ಲೈಟ್ ಇದ್ದು ಫೋಟೋದಲ್ಲಿ ಅಡ್ಡ ಪಟ್ಟೆ ಬರುತ್ತಿದ್ದರೆ ಶಟರ್ 1/100ಕ್ಕೆ ಇಳಿಸಿ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಲೈಟ್‌ಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ.

ಎಫ್ 1.7 ಇದೆ ಅಂತ ಯಾವಾಗಲೂ ಎಫ್ 1.7ರಲ್ಲೇ ತೆಗೆಯಬಾರದು. ಕ್ರಾಪ್ ಬಾಡಿಯಲ್ಲಿ 50 ಎಂಎಂ, ಎಫ್ 1.8, ಎರಡು ಮೀಟರ್ ದೂರ ಆದರೆ ಶಾರ್ಪ್ ಆಗಿ ಬರುವ ಆಳ ಸುಮಾರು 11 ಸೆಂಟಿಮೀಟರ್ ಅಷ್ಟೇ. ವರ ಮುಂದೆ, ವಧು ಒಂದು ಗೇಣು ಹಿಂದೆ ಇದ್ದರೆ ಒಬ್ಬರ ಮುಖ ಹೋಯಿತು. ಅದೇ ದೂರದಲ್ಲಿ 35 ಎಂಎಂ ಆದರೆ ಈ ಆಳ 22 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಇದೂ ಕಡಿಮೆ ಎಂಎಂಗೆ ಇರುವ ಒಂದು ಅನುಕೂಲ. ಗ್ರೂಪ್ ಫೋಟೋಗೆ ಎಫ್ 4, ಎಫ್ 5.6ಕ್ಕೇ ಹೋಗಬೇಕು, ಅಲ್ಲಿ ಪ್ರೈಮ್‌ನಿಂದ ದೊಡ್ಡ ಲಾಭವಿಲ್ಲ.

ಇನ್ನು ಫುಲ್ ಫ್ರೇಮ್ ವಾದ. ಅದನ್ನು ಹೇಳುವವರು ತಪ್ಪು ಹೇಳುತ್ತಿಲ್ಲ. ದೊಡ್ಡ ಸೆನ್ಸರ್‌ನ ವಿಸ್ತೀರ್ಣ ಕ್ರಾಪ್‌ಗಿಂತ ಎರಡೂಕಾಲು ಪಟ್ಟು, ಕ್ಯಾನನ್‌ಗೆ ಹೋಲಿಸಿದರೆ ಎರಡೂವರೆ ಪಟ್ಟು. ಅಷ್ಟು ಬೆಳಕು ಜಾಸ್ತಿ ಹಿಡಿಯುತ್ತದೆ, ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಸ್ವಲ್ಪ ಮೇಲೆ. ಹಿನ್ನೆಲೆ ಬ್ಲರ್ ಲೆಕ್ಕದಲ್ಲೂ ಕ್ರಾಪ್‌ನ ಎಫ್ 1.7 ಫುಲ್ ಫ್ರೇಮ್‌ನ ಎಫ್ 2.5ರ ಹತ್ತಿರ ಬರುತ್ತದೆ. ಆದರೆ ಸಾಲ ಮಾಡಿ ಫುಲ್ ಫ್ರೇಮ್ ಬಾಡಿ ಕೊಂಡವರು ಮೊದಲ ವರ್ಷ ಅದಕ್ಕೆ ಹಾಕುವ ಲೆನ್ಸ್ ಯಾವುದು? ಸಾಮಾನ್ಯವಾಗಿ ಅದರ ಜೊತೆ ಬಂದ ಜೂಮ್. ಅದು ಎಫ್ 4ರದ್ದೇ ಆಗಿರಲಿ. ಎಫ್ 4ರಿಂದ ಎಫ್ 1.8ಕ್ಕೆ ಐದು ಪಟ್ಟು ಬೆಳಕಿನ ವ್ಯತ್ಯಾಸ. ದೊಡ್ಡ ಸೆನ್ಸರ್‌ನ ಲಾಭ ಕಳೆದರೂ, ಅಗ್ಗದ ಪ್ರೈಮ್ ಹಾಕಿದ ಕ್ರಾಪ್ ಬಾಡಿ ಅದಕ್ಕಿಂತ ಹೆಚ್ಚು ಕಡಿಮೆ ಒಂದು ಸ್ಟಾಪ್ ಮುಂದೇ ಇರುತ್ತದೆ. ಫುಲ್ ಫ್ರೇಮ್‌ಗೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮಂಟಪದ ಕತ್ತಲೆಯೇ ನಿಮ್ಮ ತೊಂದರೆ ಆಗಿದ್ದರೆ ಮೊದಲು ಲೆನ್ಸ್, ಆಮೇಲೆ ಬಾಡಿ. 24 ಮೆಗಾಪಿಕ್ಸೆಲ್ ಕ್ರಾಪ್ ಫೋಟೋ ಆಲ್ಬಮ್ ಹಾಳೆಗೆ ಏನೂ ಕಮ್ಮಿ ಬೀಳುವುದಿಲ್ಲ.

ರಾತ್ರಿಯ ಕೆಲಸ ಇರುವವರಿಗೂ ಇದೇ ಮಾತು. ಮುದಗಲ್ ಮೊಹರಂ ನೋಡಲು ಬರುವ ಜನರ ನಡುವೆ ಫ್ಲ್ಯಾಶ್ ಹೊಡೆದರೆ ಮುಂದಿನ ಎರಡು ತಲೆ ಬೆಳ್ಳಗೆ, ಹಿಂದಿನದೆಲ್ಲ ಕಪ್ಪಗೆ ಆಗುತ್ತದೆ. ಕೊಪ್ಪಳದ ಗವಿಮಠದ ತೇರು ಎಳೆಯುವ ಸಂಜೆ ಹೊತ್ತು ಇಳಿಯುತ್ತಿದ್ದ ಹಾಗೆ ಕಿಟ್ ಲೆನ್ಸ್ ಕೈ ಬಿಡುತ್ತದೆ. ಅಲ್ಲಿ 24, 35 ಎಂಎಂ ಪ್ರೈಮ್ ಇದ್ದರೆ ಮುಖಗಳೂ ಬರುತ್ತವೆ, ಜನಸಾಗರವೂ ಬರುತ್ತದೆ.

ದೂರುಗಳಲ್ಲಿ ನಿಜವಾದವು

ಪ್ಲಾಸ್ಟಿಕ್ ಬಗ್ಗೆ ಇರುವ ಸಿಟ್ಟು ನನಗೂ ಇದೆ. 2009ರ ನಿಕಾನ್ 35 ಎಂಎಂಗೆ ಲೋಹದ ಮೌಂಟ್ ಇತ್ತು, ಅದರ ಸುತ್ತ ಧೂಳು ತಡೆಯುವ ರಬ್ಬರ್ ಇತ್ತು. 2023ರ 24 ಎಂಎಂಗೆ ಪ್ಲಾಸ್ಟಿಕ್ ಮೌಂಟ್. ಬೆಲೆ ಮಾತ್ರ ಏರಿದೆ. ಸಂಡೂರು ಕಡೆ ಅದಿರು ಲಾರಿ ಓಡಾಡುವ ರಸ್ತೆಯ ಕೆಂಪು ಧೂಳು ಗೊತ್ತಿರುವ ಯಾರಿಗಾದರೂ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಆ ಧೂಳು ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಗಾಜನ್ನೇ ಗೀರುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಒರೆಸಬೇಕು. ಮುಂದೆ ಒಂದು ಯುವಿ ಫಿಲ್ಟರ್ ಹಾಕುವುದು ಬೇರೆ ಊರುಗಳಲ್ಲಿ ಇಷ್ಟ ಕಷ್ಟದ ಮಾತು, ನಮ್ಮಲ್ಲಿ ಅಗತ್ಯ. ಹೊರಗೆ ನಿಂತು ಲೆನ್ಸ್ ಬದಲಿಸುವ ಅಭ್ಯಾಸವನ್ನೂ ಬಿಡಬೇಕು.

ಬಿಸಿಲಿನದು ಇನ್ನೊಂದು ಸಮಸ್ಯೆ, ಇದನ್ನು ಯಾರೂ ಕೊಳ್ಳುವ ಮುಂಚೆ ಹೇಳುವುದಿಲ್ಲ. ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಐಎಸ್‌ಒ 100ರಲ್ಲಿ ಎಫ್ 1.8 ಇಟ್ಟರೆ ಶಟರ್ 1/8000ದ ಹತ್ತಿರ ಬೇಕಾಗುತ್ತದೆ. ಕಡಿಮೆ ಬೆಲೆಯ ಬಾಡಿಗಳ ಮೆಕ್ಯಾನಿಕಲ್ ಶಟರ್ ಸಾಮಾನ್ಯವಾಗಿ 1/4000ಕ್ಕೆ ನಿಲ್ಲುತ್ತದೆ. ಫೋಟೋ ಬೆಳ್ಳಗಾಗುತ್ತದೆ. ರಾಯಚೂರು ಕೋಟೆಯ ಮುಂದೆ ಹಗಲಲ್ಲಿ ಪ್ರೀ ವೆಡ್ಡಿಂಗ್ ಮಾಡುವವರು ಎಫ್ 2.8ಕ್ಕೆ ಇಳಿಯಬೇಕು, ಇಲ್ಲವೇ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಕೊಳ್ಳಬೇಕು. ವಿಡಿಯೋ ಆದರೆ ಎನ್‌ಡಿ ಇಲ್ಲದೆ ಆಗುವುದೇ ಇಲ್ಲ. ಲೆನ್ಸ್ ಬೆಲೆಯ ಜೊತೆ ಈ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಆದರೆ ಎಲ್ಲಕ್ಕಿಂತ ಗಟ್ಟಿಯಾದ ದೂರು ವಿಡಿಯೋದವರದು, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಈ ಹೊಸ ಪ್ರೈಮ್‌ಗಳಲ್ಲಿ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಇಲ್ಲ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30, ಝಡ್50 II, ಕ್ಯಾನನ್ ಆರ್50 ಬಾಡಿಗಳಲ್ಲೂ ಸೆನ್ಸರ್ ಸ್ಟೆಬಿಲೈಸೇಶನ್ ಇಲ್ಲ. ಇಷ್ಟು ದಿನ ಅವರ ಕೈ ಅಲುಗಾಟವನ್ನು ಮರೆಮಾಚಿದ್ದು ಅದೇ ಬೈಸಿಕೊಳ್ಳುವ ಕಿಟ್ ಲೆನ್ಸ್, ಯಾಕಂದರೆ ಅದರೊಳಗೆ ಸ್ಟೆಬಿಲೈಸೇಶನ್ ಇತ್ತು. ಪ್ರೈಮ್ ಹಾಕಿದ ಕೂಡಲೇ ಬೆಳಕು ಬಂತು, ಸ್ಥಿರತೆ ಹೋಯಿತು. ಸೋನಿ 2012ರಲ್ಲೇ 35 ಎಂಎಂ ಎಫ್ 1.8ಕ್ಕೆ ಸ್ಟೆಬಿಲೈಸೇಶನ್ ಕೊಟ್ಟಿತ್ತು, ಅಂದರೆ ಆಗದ ಕೆಲಸವೇನಲ್ಲ. ಕೈಯಲ್ಲಿ ಹಿಡಿದು ಮೆರವಣಿಗೆ ಶೂಟ್ ಮಾಡುವವರು ಗಿಂಬಲ್ (ಅಲುಗಾಟ ತಡೆಯುವ ಹಿಡಿಕೆ) ಇಲ್ಲದೆ ಈ ಲೆನ್ಸ್‌ಗಳಿಗೆ ಬರಬಾರದು. ಲೆನ್ಸ್ ಹಗುರ ಇರುವುದರಿಂದ ಚಿಕ್ಕ ಗಿಂಬಲ್ ಸಾಕಾಗುತ್ತದೆ, ಅದೊಂದು ಸಮಾಧಾನ. ಕ್ಯಾನನ್ ಆರ್7 ಅಥವಾ ಸೋನಿ ಎ6700 ಇರುವವರಿಗೆ ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇದೆ, ಅವರು ಈ ಚಿಂತೆ ಬಿಡಬಹುದು.

ರಿಪೇರಿ ವಿಷಯದಲ್ಲಿ ನಮ್ಮ ಭಾಗದ ಕಷ್ಟ ಗೊತ್ತಿರುವುದೇ. ಸಾಮಾನ್ಯವಾಗಿ ಬಳ್ಳಾರಿಯವರು ಬೆಂಗಳೂರಿಗೆ, ರಾಯಚೂರಿನವರು ಹೈದರಾಬಾದಿಗೆ ಕಳಿಸುತ್ತಾರೆ, ಸೀಸನ್ ನಡುವೆ ಲೆನ್ಸ್ ಕೈಯಲ್ಲಿರುವುದಿಲ್ಲ. ಬಿಲ್ ಇಲ್ಲದೆ ಒಂದೆರಡು ಸಾವಿರ ಕಮ್ಮಿಗೆ ಸಿಗುವ ಮಾಲು ಕೊಂಡರೆ ವಾರಂಟಿಯೂ ಇಲ್ಲ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋ ಆದರೆ ಬಿಲ್ ಇದ್ದಾಗ ಲೆನ್ಸ್ ಮೇಲೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಆಗ ಬಿಲ್ ಇಲ್ಲದ ಲೆನ್ಸ್‌ನ ಅಗ್ಗ ಅಗ್ಗವಾಗಿ ಉಳಿಯುವುದೇ ಇಲ್ಲ. ವಿಲ್ಟ್ರಾಕ್ಸ್ ಲೆನ್ಸ್‌ನ ಮೌಂಟ್ ಹತ್ತಿರ ಒಂದು ಯುಎಸ್‌ಬಿ-ಸಿ ಪೋರ್ಟ್ ಇದೆ. ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಅದರಿಂದಲೇ ಆಗಬೇಕು. ಬೇರೆ ಕಂಪನಿಯ ಲೆನ್ಸ್ ಇಟ್ಟುಕೊಂಡವರು ಮದುವೆ ಹಿಂದಿನ ರಾತ್ರಿ ಕ್ಯಾಮೆರಾ ಬಾಡಿಯ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಡಿ. ಫೋಕಸ್ ಸರಿಯಿದೆಯಾ ಅಂತ ನಾಲ್ಕು ದಿನ ನೋಡಲು ಸಮಯ ಇರಬೇಕು.

ನಿಕಾನ್‌ನ ಹೊಸ 35 ಎಂಎಂ ಮ್ಯಾಕ್ರೋ ಬಗ್ಗೆ ಬೆಲೆಯ ತಕರಾರು ಜಾಸ್ತಿ. ಬಂದಾಗ 450 ಡಾಲರ್ ಇತ್ತು, ಅಂದರೆ ವಿಲ್ಟ್ರಾಕ್ಸ್ 35ರ ಎರಡು ಪಟ್ಟಿಗಿಂತ ಮೇಲೆ. ಮದುವೆ ಮಾತ್ರ ಮಾಡುವವರಿಗೆ ನಾನೂ ವಿಲ್ಟ್ರಾಕ್ಸ್ ಸಾಕು ಅನ್ನುತ್ತೇನೆ. ಆದರೆ ಈ ಲೆನ್ಸ್ ಸೆನ್ಸರ್‌ನಿಂದ ಕೇವಲ 16 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಮಾಡುತ್ತದೆ. ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವುದನ್ನು ಹತ್ತಿರ ಕೂತು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸಂದು ತುಂಬಿ, ಬಣ್ಣ ಕೊಟ್ಟು, ಕಡೆಗೆ ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಾರೆ. ಕುಂಚದ ತುದಿ, ಕಣ್ಣಿನ ಕಪ್ಪು, ಬೆರಳಿನ ಮೇಲೆ ಒಣಗಿದ ಬಣ್ಣ ಎಲ್ಲ ಒಂದೇ ಫ್ರೇಮ್‌ನಲ್ಲಿ ಬೇಕಾದರೆ ಫಿಫ್ಟಿ ಅಷ್ಟು ಹತ್ತಿರ ಫೋಕಸ್ ಆಗುವುದಿಲ್ಲ. ಅದೇ ಲೆನ್ಸ್‌ನಲ್ಲಿ ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದರೆ ಗೊಂಬೆಗಳ ಸಾಲು, ಕಿಟಕಿಯ ಬೆಳಕು ಬರುತ್ತದೆ. ಸಂಡೂರಿನ ಲಂಬಾಣಿ ಕಸೂತಿ, ಮದುವೆಯ ಒಡವೆ, ಮೆಹೆಂದಿ ತೆಗೆಯುವವರಿಗೂ ಇದು ಎರಡು ಲೆನ್ಸ್‌ನ ಕೆಲಸ ಮಾಡುತ್ತದೆ.

ಈ ಖುಷಿಯಲ್ಲಿ ಪಾಲು ಸಿಗದವರು ಕ್ಯಾನನ್‌ನವರು. ನಮ್ಮ ಕಡೆ ಕ್ಯಾನನ್ ಇಟ್ಟುಕೊಂಡವರು ಕಡಿಮೆಯೇನಿಲ್ಲ. ಆರ್7, ಆರ್10 ಬಂದಿದ್ದು 2022ರಲ್ಲಿ. ಆದರೂ ಮಂಟಪದಲ್ಲಿ ಬಳಸುವಂಥ, ಕ್ರಾಪ್‌ಗೆಂದೇ ಮಾಡಿದ ಎಫ್ 1.8ರ ಸಾಮಾನ್ಯ ಪ್ರೈಮ್ ಒಂದನ್ನೂ ಕ್ಯಾನನ್ 2025 ಮುಗಿಯುವವರೆಗೆ ಆರ್‌ಎಫ್-ಎಸ್ ಸಾಲಿನಲ್ಲಿ ಕೊಡಲಿಲ್ಲ. ಆಟೋಫೋಕಸ್ ಲೆನ್ಸ್ ಮಾಡಲು ಬೇರೆ ಕಂಪನಿಗಳಿಗೆ ಬಾಗಿಲು ತೆರೆದದ್ದೇ 2024ರ ಏಪ್ರಿಲ್‌ನಲ್ಲಿ, ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ. ಸಿಗ್ಮಾದ ಎಫ್ 1.4 ಲೆನ್ಸ್‌ಗಳು ಈಗ ಆರ್‌ಎಫ್ ಮೌಂಟ್‌ಗೂ ಇವೆ, ಚೆನ್ನಾಗಿವೆ, ಆದರೆ ಅವು ಈ ಅಗ್ಗದ ಸಾಲಿಗೆ ಸೇರುವುದಿಲ್ಲ. ಇಷ್ಟೊಂದು ಜನ ನಂಬಿಕೊಂಡ ಕಂಪನಿ ಅವರನ್ನು ಹೀಗೆ ಕಾಯಿಸುವುದು ಸರಿಯಲ್ಲ. ಹಳೆಯ ಇಎಫ್-ಎಸ್ 24 ಎಂಎಂ ಎಫ್ 2.8 ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಅಡಾಪ್ಟರ್ ಹಾಕಿ ಆರ್50 ಮೇಲೂ ಬಳಸಬಹುದು. 200ಡಿ, 1500ಡಿ ಇರುವವರಿಗಂತೂ ಅಡಾಪ್ಟರ್ ಕೂಡ ಬೇಕಿಲ್ಲ. ಎಫ್ 5.6ಕ್ಕಿಂತ ಅದು ನಾಲ್ಕು ಪಟ್ಟು ಬೆಳಕು ಕೊಡುತ್ತದೆ.

ಸೆಕೆಂಡ್ ಹ್ಯಾಂಡ್ ಮಾತು ಬಂದಿದ್ದರಿಂದ ನಿಕಾನ್‌ನವರಿಗೂ ಒಂದು ಎಚ್ಚರಿಕೆ. ಡಿ3500, ಡಿ5600 ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. 50 ಎಂಎಂ ಎಫ್ 1.8 ‘ಡಿ’ ಲೆನ್ಸ್ ಕಡಿಮೆಗೆ ಸಿಗುತ್ತದೆ ಅಂತ ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಹೆಸರಿನ ಕೊನೆಯಲ್ಲಿ ‘ಜಿ’, ಮುಂದೆ ‘ಎಎಫ್-ಎಸ್’ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ.

ಯಾವ ಎಂಎಂ ಕೊಳ್ಳಬೇಕು ಅನ್ನುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಹೋದ ಸೀಸನ್‌ನಲ್ಲಿ ಕಿಟ್ ಲೆನ್ಸ್‌ನಿಂದ ತೆಗೆದ ಮದುವೆಗಳ ಫೋಲ್ಡರ್ ತೆಗೆಯಿರಿ. ಗಿರಾಕಿ ಆಲ್ಬಮ್‌ಗೆ ಆರಿಸಿದ ಫೋಟೋಗಳನ್ನಷ್ಟೇ ಲೈಟ್‌ರೂಮ್‌ಗೆ ಹಾಕಿ. ಯಾವ ಫೋಟೋ ಯಾವ ಎಂಎಂನಲ್ಲಿ ತೆಗೆದದ್ದು ಅಂತ ಅದೇ ಪಟ್ಟಿ ಮಾಡಿ ತೋರಿಸುತ್ತದೆ. ಹೆಚ್ಚಿನವು 20ರಿಂದ 28ರ ನಡುವೆ ಇದ್ದರೆ 24 ಅಥವಾ 25 ಎಂಎಂ ನಿಮ್ಮ ಲೆನ್ಸ್. 30ರಿಂದ 40 ಇದ್ದರೆ 35. 55ಕ್ಕೇ ಹೋಗಿ ನಿಂತಿದ್ದರೆ ಫಿಫ್ಟಿಯೋ 56ಓ ಸರಿ. ಆ ಎಂಎಂಗೆ ಕಿಟ್ ಲೆನ್ಸ್ ಇಟ್ಟು, ಜೂಮ್ ರಿಂಗ್‌ಗೆ ಟೇಪ್ ಸುತ್ತಿ, ಗುರುತಿನವರ ಮನೆಯ ಒಂದು ಸಣ್ಣ ಫಂಕ್ಷನ್ ಪೂರ್ತಿ ತೆಗೆದು ನೋಡಿ. ಪಡಸಾಲೆಯಲ್ಲಿ ಬೆನ್ನಿಗೆ ಗೋಡೆ ತಾಗದೆ ಎಲ್ಲರೂ ಫ್ರೇಮ್‌ನಲ್ಲಿ ಬಂದರೆ ಅಂಗಡಿಗೆ ಹೋಗಬಹುದು.